ಒಂದೇ ಮೊಳೆಯ ಪಟ

ನಮ್ಮೂರ ಹಳೇ ಕೋಟೆಯಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಪತ್ರಿಕಾ ಛಾಯಾಚಿತ್ರಗಳ ಉತ್ಸವ ನಡೆಯುತ್ತದೆ. ಪ್ರಪಂಚದ ಯುದ್ಧ, ಪ್ರವಾಹ, ಹಸಿವು ಎಲ್ಲವೂ ಚೌಕಟ್ಟು ಹಾಕಿಸಿಕೊಂಡು ಬರುತ್ತವೆ. ಅವನ್ನು ಗೋಡೆಗೆ ಏರಿಸುವವನು ನನ್ನ ಸೋದರಮಾವ. ಗಿರಣಿ ಮುಚ್ಚಿದ ಮೇಲೆ ಹಿಡಿದ ಏಣಿ, ಇನ್ನೂ ಬಿಟ್ಟಿಲ್ಲ. ಊರಿಗೆಲ್ಲ ಏಣಿ ಮಾವ. ಪಟದ ಕೆಳಗಿನ ಚೀಟಿ ಅಚ್ಚುಹಾಕಿ ಅಂಟಿಸುವವನು ನಾನು. ಯಾರಾದರೂ ಕೇಳಿದರೆ 'ಪ್ರದರ್ಶನ ಸಹಾಯಕ' ಅನ್ನುತ್ತೇನೆ. ಗೋಂದು ಬಳಿಯುವವನು ಅಂದರೆ ಹೆಣ್ಣು ಕೊಡುವವರು ಯಾರು? ಆ ಗೋಂದಿನ ಕೆಲಸ ಕೊಡಿಸಿದ್ದೂ ಮಾವನೇ.

ಮಾವನದೊಂದು ಶಾಸ್ತ್ರ: ಪಟ ಅಂಗೈಯಗಲ ಇದ್ದರೂ ಎರಡು ಮೊಳೆ. "ಒಂದೇ ಮೊಳೆಗೆ ನೇತಾಕಿದ್ರೆ ಜನ ನಡೆದಾಡೋ ಅದುರಿಗೇ ವಾಲುತ್ತೆ ಕಣೋ, ಕುಡುಕನ ಥರ."

ಈ ಸಲ ಪೆಟ್ಟಿಗೆ ಬಿಚ್ಚಿದರೆ ಒಳಗಿಂದ ಬಂದವಳು ನಮ್ಮತ್ತೆ, ಮಾವನ ಹೆಂಡತಿ. ಮೂವತ್ತು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿದ್ದಾಗ, ಗೇಟಿನ ಸರಳು ಹಿಡಿದು ಅಳುತ್ತಿದ್ದವಳನ್ನು ಒಬ್ಬ ಛಾಯಾಗ್ರಾಹಕ ಸೆರೆಹಿಡಿದಿದ್ದ. ಅದಕ್ಕೆ ದೊಡ್ಡ ಬಹುಮಾನವೂ ಬಂತು. ಶೀರ್ಷಿಕೆ: 'ಗಿರಣಿಯ ವಿಧವೆ'. ಅರ್ಧ ಗಂಟೆ ಕಳೆದು ಮಾವ ಹುಬ್ಬು ಸುಟ್ಟುಕೊಂಡು ಹಿಂಬಾಗಿಲಿಂದ ಹೊರಬಂದಿದ್ದ. ಅದರ ಫೋಟೋ ತೆಗೆಯಲು ಯಾರೂ ಇರಲಿಲ್ಲ. ಪೇಪರು ನೋಡಿದ ಬೀದಿಯವರು ಅತ್ತೆಯನ್ನು ಕೊನೆಯತನಕ ಕೆಣಕಿದರು: "ಏನಮ್ಮ, ಸತ್ತೋನಿಗೆ ಬುತ್ತಿ ಕಟ್ಟಿದ್ಯಾ?" ಹೋದ ವರ್ಷ ಅತ್ತೆ ತೀರಿಕೊಂಡಳು. ಅದಕ್ಕೂ ಮುಂಚೆ ಮಾವನಿಂದ ಮಾತು ತೆಗೆದುಕೊಂಡಿದ್ದಳು: ಆ ಪದ ತೆಗೆಸಬೇಕು.

"ಒಂದೇ ಪದ ಕಣೋ," ಅಂದ ಮಾವ. "ಚೀಟಿ ನಿನ್ನ ಕೈಲೇ ಇದೆ. 'ಗಿರಣಿ ಕೆಲಸದವನ ಹೆಂಡತಿ' ಅಂತ ಹಾಕು."

"ಮೇಡಂನ ಒಂದ್ಮಾತು ಕೇಳ್ತೀನಿ ಮಾವ."

"ನಾನು ಬದುಕಿದೀನಾ ಅಂತ ಮೇಡಂನ ಕೇಳ್ಬೇಕಾ?"

ಕೇಳಿದೆ. ಉತ್ಸವ ನಡೆಸುವ ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಬಹುಮಾನ ಬಂದಿರೋದೇ ಆ ಹೆಸರಿಗೆ. ಫೋಟೋ ತೆಗೆದವರು ಉದ್ಘಾಟನೆಗೆ ಬೇರೆ ಬರ್ತಿದ್ದಾರೆ. ಅಂದಹಾಗೆ, ನಿಮ್ಮನ್ನ ಕಾಯಂ ಮಾಡೋ ಫೈಲು ನನ್ನ ಟೇಬಲ್ ಮೇಲೇ ಇದೆ."

ಬೆದರಿಕೆಯಲ್ಲ, ಬರೀ ಮಾಹಿತಿ. ನನ್ನ ಬೆನ್ನುಮೂಳೆಗೆ ಅಷ್ಟೇ ಸಾಕಾಯಿತು. 'ಗಿರಣಿಯ ವಿಧವೆ' ಅಂತಲೇ ಚೀಟಿ ಅಚ್ಚುಹಾಕಿ ಗೋಡೆಗೆ ಅಂಟಿಸಿದೆ, ಗುಳ್ಳೆ ಏಳದ ಹಾಗೆ ಬಟ್ಟೆಯಿಂದ ಒತ್ತಿ ಒತ್ತಿ. ಪಟ ಏರಿಸಲು ಬಂದ ಮಾವ ಅದನ್ನು ಓದಿದ. ಏಣಿ ಹತ್ತಿದ.

ಉದ್ಘಾಟನೆಯ ದಿನ ಆ ಛಾಯಾಗ್ರಾಹಕರು ಪಟದ ಮುಂದೆ ನಿಂತು, "ಆ ವಿಧವೆಯ ಕಣ್ಣುಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ" ಎಂದರು. ಪಕ್ಕದಲ್ಲೇ ಮಾವ ಏಣಿ ಹಿಡಿದು ನಿಂತಿದ್ದ. ಯಾರೋ ಹೇಳಿದರು, "ಏಣಿಯವರೇ, ಸ್ವಲ್ಪ ಆಚೆ ಸರೀರಿ, ಫೋಟೋದಲ್ಲಿ ಬರ್ತೀರ." ಮಾವ ಸರಿದ. ಜನ ಮುಂದೆ ನುಗ್ಗಿದರು. ಪಟ ಮೆಲ್ಲಗೆ ವಾಲಿತು.

ಪಟದ ಹಿಂದೆ ಬಗ್ಗಿ ನೋಡಿದೆ. ಒಂದೇ ಮೊಳೆ.

"ಇನ್ನೊಂದು ಯಾಕೆ ಹೊಡೀಲಿಲ್ಲ ಮಾವ?"

"ಸತ್ತೋನು ಎಷ್ಟೂಂತ ಹೊಡೀತಾನೋ," ಅಂದ. ಏಣಿಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ.

ಹತ್ತೂ ದಿನ ಬೆಳಿಗ್ಗೆ ಅತ್ತೆಯನ್ನು ನೆಟ್ಟಗೆ ನಿಲ್ಲಿಸಿದೆ. ಮಧ್ಯಾಹ್ನಕ್ಕೆ ಮತ್ತೆ ವಾಲಿರುತ್ತಿದ್ದಳು. ಎರಡನೇ ಮೊಳೆ ಜೇಬಲ್ಲೇ ಇತ್ತು, ಕೈ ಏಳಲಿಲ್ಲ. ಕೊನೆಯ ದಿನ ನನ್ನ ಫೈಲಿಗೆ ಸಹಿ ಬಿತ್ತು. ಪಟ ಇಳಿಸಲು ಮಾವ ಬರಲಿಲ್ಲ, ನಾನೇ ಇಳಿಸಿದೆ. ಅವನ ಮೊಳೆ ಎರಡೇ ಬೆರಳಿಗೆ ಕಿತ್ತು ಬಂತು. ಚೀಟಿ ಮಾತ್ರ ಎಷ್ಟು ಉಗುರು ಹಾಕಿ ಕೆರೆದರೂ ಬರಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದೆ.