ರೇಸ್ ಸೈಕಲ್ಲಿಗೆ ಚಿಕ್ಕ ಚಕ್ರ

ಊರಿನ ಅರ್ಧ ಸೈಕಲ್ಲುಗಳನ್ನು ಗಂಡ ರಿಪೇರಿ ಮಾಡುತ್ತಾನೆ, ಹೆಂಡತಿ ಮಾತ್ರ ಮಂಡಿ ಹಿಡಿದುಕೊಂಡು ನಡೆದು ಹೋಗುತ್ತಾಳೆ ಎಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಪಟ್ಟಿ ಅಕ್ಕನಿಗೆ ಬಂದಿತ್ತು. ಬಂದದ್ದು ತಪ್ಪು ಅಂತ ಯಾರಾದರೂ ಹೇಳುವುದಾದರೆ ಒಂದು ದಿನ ಅವಳ ಔಷಧಿ ಪೆಟ್ಟಿಗೆ ಹೊತ್ತುಕೊಂಡು ಆ ಕಲ್ಲುಹಾಸಿನ ಏರುಗಲ್ಲಿಗಳನ್ನು ಹತ್ತಿ ಇಳಿದು ಬಂದು ಆಮೇಲೆ ಹೇಳಲಿ.

ಅವಳು ಆಸ್ಪತ್ರೆಯ ನರ್ಸು. ಆದರೆ ಆಸ್ಪತ್ರೆಯೊಳಗೆ ಅವಳು ಇರುವುದೇ ಕಡಿಮೆ. ಹಾಸಿಗೆ ಹಿಡಿದವರು, ಕಾಲು ಕಳೆದುಕೊಂಡವರು, ಸಕ್ಕರೆ ಕಾಯಿಲೆಯ ಹುಣ್ಣು ಮಾಯದವರು, ಇಂಥವರ ಮನೆಮನೆಗೆ ಹೋಗಿ ಹಳೇ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಕಟ್ಟಿ ಬರುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಹೀಗಾಗಿ ಹೆಸರು ಹೋಗಿ ಎಲ್ಲರ ಬಾಯಲ್ಲೂ ಪಟ್ಟಿ ಅಕ್ಕ ಆಗಿಬಿಟ್ಟಿದ್ದಳು. ಈಗ ಅವಳ ಪಾಲಿಗೆ ಹನ್ನೊಂದು ಮನೆ. ಒಂದು ಬೆಳಿಗ್ಗೆ ಅವಳ ಲೇಡೀಸ್ ಸೈಕಲ್ಲು ಸೀಟಿನ ಬುಡದಲ್ಲಿ ತುಕ್ಕು ಹಿಡಿದು ಲಟಕ್ಕನೆ ಮುರಿಯಿತು. ನಡೆದು ಹೋದರೆ ಎದ್ದೆನೋ ಬಿದ್ದೆನೋ ಎಂದು ಓಡಿದರೂ ಆರು ಮನೆ ದಾಟುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಮೇಲಿನ ಅಧಿಕಾರಿ ಮೇಡಂ ಇದನ್ನು ಕೇಳಿ ಬಹಳ ಸುಲಭವಾಗಿ ಪರಿಹಾರ ಹೇಳಿಬಿಟ್ಟರು. ಉಳಿದ ಐದು ಜನ ತಾವಾಗಿಯೇ ಆಸ್ಪತ್ರೆಗೆ ಬರಲಿ. ಮೂರು ವರ್ಷದಿಂದ ಮಗ್ಗುಲು ಬದಲಿಸಲೂ ಆಗದ ಮುದುಕಿ ಬಸ್ ಹತ್ತಿ ಬರಬೇಕಂತೆ! ಪಟ್ಟಿ ಅಕ್ಕನ ಪಿತ್ತ ನೆತ್ತಿಗೇರಿತು. ಆದರೂ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ತಿಂಗಳ ಕೊನೆಯವರೆಗೆ ಸಮಯ ಕೊಡಿ, ಸೈಕಲ್ಲಿನ ವ್ಯವಸ್ಥೆ ಮಾಡಿಕೊಳ್ಳುತ್ತೇನೆ ಎಂದಳು. ಅಷ್ಟರೊಳಗೆ ಆಗದಿದ್ದರೆ ಆ ಐದು ಹೆಸರು ಪಟ್ಟಿಯಿಂದ ಹೊಡೆದುಹಾಕುತ್ತೇನೆ ಎಂದು ಮೇಡಂ ಖಡಾಖಂಡಿತವಾಗಿ ಹೇಳಿ ಕಳಿಸಿದರು.

ವ್ಯವಸ್ಥೆಗೆ ಅವಳು ದೂರ ಹೋಗಬೇಕಾಗಿರಲಿಲ್ಲ. ಗಂಡನ ಅಂಗಡಿಯ ಗೋಡೆಯ ಮೇಲೆ ಎರಡು ಕೊಕ್ಕೆಗೆ ತಗುಲಿಹಾಕಿದ ಒಂದು ಹಳೇ ರೇಸ್ ಸೈಕಲ್ಲಿನ ಫ್ರೇಮ್ ಇತ್ತು. ಹಗುರ ಅಂದರೆ ಒಂದು ಬೆರಳಲ್ಲಿ ಎತ್ತಬಹುದು. ಊರೆಲ್ಲ ಮೇಸ್ತ್ರಿ ಎಂದು ಕರೆಯುವ ಅವಳ ಗಂಡ ಅದನ್ನು ದಿನಾ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ, ಬಂದ ಗಿರಾಕಿಗಳಿಗೆಲ್ಲ ಅದರ ಬೆಸುಗೆ ತೋರಿಸಿ, ಇಂಥದ್ದು ಈಗ ಹುಡುಕಿದರೂ ಸಿಗುವುದಿಲ್ಲ ಎಂದು ಕೊಂಡಾಡುತ್ತಿದ್ದ. ನೋಡಿದವರು ಅದು ಅವನದೇ ಅಂದುಕೊಂಡಿದ್ದರು. ಅವನು ಹೌದು ಅಂದಿರಲಿಲ್ಲ, ಅಲ್ಲ ಅನ್ನುವ ಗೋಜಿಗೂ ಹೋಗಿರಲಿಲ್ಲ. ಅದು ಅವಳದು ಕಣ್ರಯ್ಯ! ನರ್ಸಿಂಗ್ ಓದುವಾಗ ಅವಳ ಅಣ್ಣ ಎಲ್ಲಿಂದಲೋ ಹೊಂಚಿ ತಂದುಕೊಟ್ಟದ್ದು. ಮೂರು ವರ್ಷ ಅದರ ಮೇಲೆ ರೇಸ್ ಓಡಿಸಿದವಳು ಅವಳು. ಮಗಳು ಹುಟ್ಟಿದ ವರ್ಷ ಗೋಡೆಗೆ ಏರಿದ್ದು ಇಳಿದೇ ಇರಲಿಲ್ಲ. ಚಕ್ರಗಳನ್ನು ಯಾವಾಗಲೋ ಬೇರೆ ಯಾರದೋ ಸೈಕಲ್ಲಿಗೆ ಹಾಕಿ ಕಳಿಸಿಯಾಗಿತ್ತು.

ಚಕ್ರ ಸಿಕ್ಕಿದ್ದು ಟೈಲರ್ ಅಜ್ಜನ ಮನೆಯಲ್ಲಿ. ಅಜ್ಜನ ಕಾಲಿನ ಹುಣ್ಣಿಗೆ ಅವಳು ಎರಡು ವರ್ಷದಿಂದ ಪಟ್ಟಿ ಕಟ್ಟುತ್ತಿದ್ದಾಳೆ. ಅವನ ಹಿತ್ತಲಲ್ಲಿ ಮೊಮ್ಮಗಳ ಹಳೇ ಮೌಂಟನ್ ಬೈಕ್ ಬಿದ್ದಿತ್ತು. ಗಾಡಿ ಗುದ್ದಿ ಅದರ ಫ್ರೇಮ್ ಸೊಟ್ಟಗಾಗಿದ್ದರೂ ಚಕ್ರಗಳು ಗಟ್ಟಿಮುಟ್ಟಾಗಿದ್ದವು. ರೇಸ್ ಸೈಕಲ್ಲಿನ ಚಕ್ರಕ್ಕಿಂತ ಸ್ವಲ್ಪ ಚಿಕ್ಕವು, ಟೈರು ಮಾತ್ರ ದಪ್ಪ. ಪಟ್ಟಿ ಅಕ್ಕನಿಗೆ ಬೇಕಾದದ್ದೇ ಅದು. ದಪ್ಪ ಟೈರಾದರೆ ಕಲ್ಲುಗಲ್ಲಿಯಲ್ಲಿ ಪಂಕ್ಚರಿನ ಕಾಟವಿಲ್ಲ. ಚಕ್ರ ಚಿಕ್ಕದಾದರೆ ಸೈಕಲ್ಲೂ ಒಂದು ಬೆರಳಿನಷ್ಟು ತಗ್ಗುತ್ತದೆ. ಐವತ್ತು ದಾಟಿದ ಮಂಡಿಗೆ ಆ ಒಂದು ಬೆರಳು ದೊಡ್ಡದು. ಅಜ್ಜ ಖುಷಿಯಿಂದ ತೆಗೆದುಕೊಂಡು ಹೋಗು ಎಂದ. ಪ್ಯಾಂಟು ಉದ್ದವಾದರೆ ಮಡಚಿ ಹೊಲಿದುಕೊಡುತ್ತಿದ್ದೆ, ಯಾರೂ ಬಟ್ಟೆಯನ್ನೇ ಬಿಸಾಡುತ್ತಿರಲಿಲ್ಲ ಎಂಬುದು ಅವನ ವಾದ.

ಗಂಡನಿಗೆ ಹೇಳಿದರೆ ಅವನು ಮೂಗು ಮುರಿದ. ಪ್ರತಿ ಫ್ರೇಮಿಗೂ ಅದರದೇ ಅಳತೆ ಇರುತ್ತದೆ, ಮಾಡಿದವನು ತಲೆಯಿಲ್ಲದೆ ಮಾಡಿರುವುದಿಲ್ಲ ಎಂದು ಪಾಠ ಶುರುಮಾಡಿದ. ಅವಳು ಬಿಡಲಿಲ್ಲ, ಐದು ಮನೆಯ ಮಾತು ಹೇಳಿದಳು, ಮೇಡಂ ಕೊಟ್ಟ ಗಡುವಿನ ಮಾತು ಹೇಳಿದಳು. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೇಳಿದ:

"ಕುದುರೆಗೆ ಕತ್ತೆ ಕಾಲು ಜೋಡಿಸು ಅಂದ್ರೆ ನಾನು ಜೋಡಿಸಲ್ಲ. ನಿಂಗೆ ಸರಿಯಾದ ಸೈಕಲ್ ಒಂದು ನೋಡೋಣ."

ಆ ನೋಡೋಣ ಹತ್ತು ದಿನ ನಡೆಯಿತು. ಬೆಳಿಗ್ಗೆ ಕೇಳಿದರೆ ನೋಡೋಣ, ಸಂಜೆ ಕೇಳಿದರೆ ನೋಡ್ತಾ ಇದೀನಲ್ಲ. ಹನ್ನೊಂದನೇ ದಿನ ಅವಳು ನೇರ ಅಂಗಡಿಗೆ ಹೋಗಿ, ಸ್ಟೂಲು ಎಳೆದು ಹತ್ತಿ, ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಫ್ರೇಮನ್ನು ಕೊಕ್ಕೆಯಿಂದ ಇಳಿಸಿ ಹೆಗಲಿಗೆ ಹಾಕಿಕೊಂಡು ಹೊರಟಳು. ಗೋಡೆಯ ಮೇಲೆ ಫ್ರೇಮಿನ ಆಕಾರದ ಬಿಳಿ ಗುರುತು ಉಳಿಯಿತು.

ಪೆಟ್ರೋಲ್ ಬಂಕಿನ ಪಕ್ಕ ಗಾಳಿ ಹಾಕುವವನೊಬ್ಬ ಕೂರುತ್ತಾನೆ. ಪಂಕ್ಚರ್ ಅವನ ವಿದ್ಯೆ, ಉಳಿದದ್ದೆಲ್ಲ ಅವನ ಧೈರ್ಯ. ಅವನು ಎಲ್ಲಾ ಆಗುತ್ತೆ ಅಕ್ಕಾ ಎಂದ. ಹಿಂದಿನ ಚಕ್ರದ ನಡುವಿನ ಹಬ್ಬು ಫ್ರೇಮಿಗಿಂತ ಅಗಲವಾಗಿತ್ತು, ಅವನು ಫ್ರೇಮಿನ ಹಿಂಬದಿಯ ಎರಡು ಕೊಳವೆಗಳನ್ನು ಕಾಲು ಕೊಟ್ಟು ಹಿಗ್ಗಿಸಿ ಕೂರಿಸಿದ. ಬ್ರೇಕಿನ ಹತ್ತಿರ ಮಾತ್ರ ಅವನ ಧೈರ್ಯ ಒದ್ದಾಡಿತು. ಚಕ್ರ ಚಿಕ್ಕದಾದ್ದರಿಂದ ರಿಮ್ಮು ಕೆಳಗೆ ಹೋಗಿತ್ತು. ಬ್ರೇಕಿನ ರಬ್ಬರು ಹಳೇ ಜಾಗದಲ್ಲೇ, ಮೂರು ಸೆಂಟಿಮೀಟರ್ ಮೇಲೆ ನಿಂತಿತ್ತು. ಅವನು ಅರ ತಂದು ರಬ್ಬರು ಸಿಕ್ಕಿಸುವ ತೂತನ್ನು ಉಜ್ಜಿ ಉದ್ದ ಮಾಡಿ ರಬ್ಬರನ್ನು ಸಾಧ್ಯವಾದಷ್ಟು ಕೆಳಗೆ ಬಗ್ಗಿಸಿದ. ಆದರೂ ಅದು ರಿಮ್ಮಿಗೆ ಮುಟ್ಟದೆ ಟೈರಿನ ಮಗ್ಗುಲನ್ನೇ ಅಮುಕುತ್ತಿತ್ತು. ಅವಳು ಕೇಳಿದ್ದಕ್ಕೆ, ಹಿಡೀತಾ ಇದೆಯಲ್ಲ, ಎಲ್ಲಿ ಹಿಡಿದರೇನು ಎಂದುಬಿಟ್ಟ. ಅವಳು ಒಂದು ಸುತ್ತು ಓಡಿಸಿ ನೋಡಿದಳು. ಹಿಡಿಯುತ್ತಿತ್ತು ನಿಜ.

ಮೊದಲ ದಿನವೇ ಹನ್ನೊಂದು ಮನೆ ಮುಗಿಸಿ ಬಂದಳು. ಹಾಸಿಗೆ ಹಿಡಿದ ಮುದುಕಿಯ ಬೆನ್ನಿನ ಹುಣ್ಣು ಎರಡು ವಾರದಿಂದ ಸರಿಯಾಗಿ ತೊಳೆಯದೆ ಕೆಂಪಾಗಿತ್ತು. ಅದನ್ನು ಶುಚಿ ಮಾಡುವಾಗ ಅವಳಿಗೆ ಮೇಡಂ ಮೇಲೂ ಗಂಡನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಸೈಕಲ್ಲಿನ ಮೇಲೆ ಮಾತ್ರ ಪ್ರೀತಿ ಉಕ್ಕಿತು. ಸಂಜೆ ಅದು ಅಂಗಳದಲ್ಲಿ ನಿಂತಿದ್ದಾಗ ಮೇಸ್ತ್ರಿ ಬಂದ, ಬಗ್ಗಿದ, ಮುಂದಿನ ಚಕ್ರವನ್ನು ಒಮ್ಮೆ ತಿರುಗಿಸಿ ಬ್ರೇಕ್ ಒತ್ತಿ ನೋಡಿದ, ಏನೂ ಹೇಳದೆ ಕೈಕಾಲು ತೊಳೆಯಲು ಹೋದ. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದ ಪಟ್ಟಿ ಅಕ್ಕ, ಹೆಸರಿಡಲು ಏನೂ ಸಿಗಲಿಲ್ಲ ಪಾಪ ಎಂದು ಒಳಗೊಳಗೇ ನಕ್ಕಳು.

ನಾಲ್ಕನೇ ದಿನ ಟೈಲರ್ ಅಜ್ಜನ ಗಲ್ಲಿಯ ಇಳಿಜಾರಿನಲ್ಲಿ ಮುಂದಿನ ಟೈರು ಢಬ್ಬೆಂದು ಒಡೆಯಿತು. ಹ್ಯಾಂಡಲ್ ಕೈ ಬಿಟ್ಟು ಹೋಯಿತು. ಅವಳು ಕಲ್ಲಿನ ಮೇಲೆ ಬಿದ್ದ ರಭಸಕ್ಕೆ ಬಲ ಅಂಗೈ ಸುಲಿದು, ಮಂಡಿ ಊದಿ, ಪೆಟ್ಟಿಗೆಯಲ್ಲಿದ್ದ ಹತ್ತಿ, ಕತ್ತರಿ, ಮುಲಾಮು ಎಲ್ಲ ಚರಂಡಿಯವರೆಗೆ ಚೆಲ್ಲಾಪಿಲ್ಲಿಯಾದವು. ಸೈಕಲ್ಲನ್ನು ತಳ್ಳಿಕೊಂಡು ಅಜ್ಜನ ಮನೆ ಸೇರಿದಳು. ಅಂದು ಅಜ್ಜನೇ ಅವಳನ್ನು ಕೂರಿಸಿ, ಅವಳದೇ ಪೆಟ್ಟಿಗೆಯಲ್ಲಿ ಉಳಿದಿದ್ದ ಔಷಧಿ ನೀರು, ಹತ್ತಿಯಲ್ಲಿ ಅಂಗೈ ತೊಳೆದು ಪಟ್ಟಿ ಕಟ್ಟಿದ. ಆಮೇಲೆ ಬಾಗಿಲಿಗೆ ಒರಗಿಸಿದ್ದ ಸೈಕಲ್ಲಿನ ಟೈರನ್ನು ಬೆರಳಲ್ಲಿ ಸವರಿ ನೋಡಿದ. ಮಗ್ಗುಲಲ್ಲಿ ನೂಲು ಎದ್ದಿತ್ತು, ಹಳೇ ಪ್ಯಾಂಟಿನ ಅಂಚಿನಂತೆ.

"ಇದು ಹರಿದಿದ್ದಲ್ಲ ಮಗಳೇ. ಒಂದೇ ಕಡೆ ಉಜ್ಜಿ ಉಜ್ಜಿ ಸವೆದಿದ್ದು. ಗೊತ್ತಿದ್ದವರು ನೋಡಿದ್ರೆ ಮೊದಲನೇ ದಿನವೇ ಹೇಳ್ತಿದ್ರು."

ಗೊತ್ತಿದ್ದವರು ಎಂಬ ಮಾತು ಅವಳ ಕಿವಿಯಲ್ಲಿ ಕೂತಿತು. ಅಂಗಳದಲ್ಲಿ ಬಗ್ಗಿ ನಿಂತಿದ್ದ ಗಂಡ ಕಣ್ಮುಂದೆ ಬಂದ. ಇರಲಾರದು ಎಂದುಕೊಂಡಳು. ಎಷ್ಟೇ ಹಠಮಾರಿಯಾದರೂ ಅಷ್ಟು ಮಾಡುವವನಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತಾ ಸೈಕಲ್ಲು ತಳ್ಳಿದಳು.

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಪಟ್ಟಿ ಸುತ್ತಿದ ಕೈ ಕಂಡು ಮೇಸ್ತ್ರಿ ಗಾಬರಿಯಿಂದ ಎದ್ದು ಬಂದ. ಗಾಬರಿ ನಿಜವಾದದ್ದೇ, ಅದರಲ್ಲಿ ಸುಳ್ಳಿರಲಿಲ್ಲ. ಆ ಗಾಬರಿಯಲ್ಲೇ ಬಾಯಿ ಜಾರಿತು.

"ಶನಿವಾರದವರೆಗೂ ತಾಳುತ್ತೆ ಅಂದ್ಕೊಂಡಿದ್ದೆ."

ಪಟ್ಟಿ ಅಕ್ಕ ಸೈಕಲ್ಲನ್ನು ಕಂಬಕ್ಕೆ ಒರಗಿಸಿದಳು. "ಅಂದ್ರೆ ನೋಡಿದ್ರಿ."

"ನೋಡಿದ್ದೆ."

"ರಬ್ಬರು ಎಲ್ಲಿ ಕೂತಿದೆ ಅಂತ ಗೊತ್ತಾಗಿತ್ತು."

ಅವನು ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಮಡಚಿದ, ಬಿಚ್ಚಿದ. ನಿಧಾನಕ್ಕೆ ಗಾಳಿ ಇಳಿಯುತ್ತೆ, ತಳ್ಕೊಂಡು ಬರ್ತೀಯ ಅಂದುಕೊಂಡಿದ್ದೆ, ಆಗಲಾದರೂ ನನ್ನ ಹತ್ತಿರ ಬಂದು ಕೇಳ್ತೀಯ ಅಂತ ಸುಮ್ಮನಿದ್ದೆ ಎಂದು ತೊದಲಿದ. ಬೀಳುತ್ತೀಯ ಅಂತ ಕನಸಲ್ಲೂ ಎಣಿಸಿರಲಿಲ್ಲ ಎಂದ. ಗಿರಾಕಿಗಳು ನೆಲ ನೋಡುತ್ತಿದ್ದರು. ಪಟ್ಟಿ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು, ದನಿ ಮಾತ್ರ ಏರಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ಯಾರದಾದ್ರೂ ಗಾಯ ಕೊಳೀತಾ ಇರೋದು ಕಂಡು, ಅವರೇ ಬಂದು ಕೇಳ್ಲಿ ಅಂತ ನಾನು ಪಟ್ಟಿ ಮುಚ್ಚಿ ಎದ್ದು ಬಂದಿಲ್ಲ. ಬೇರೆಯವರು ಕೆಟ್ಟದಾಗಿ ಕಟ್ಟಿದ್ರೂ ಬಿಚ್ಚಿ ನಾನೇ ಕಟ್ಟಿದೀನಿ. ನೀವು ನಿಮ್ಮ ಹೆಂಡತಿ ಬ್ರೇಕ್ ನೋಡಿ, ಕೈ ತೊಳ್ಕೊಂಡು ಊಟಕ್ಕೆ ಕೂತ್ರಿ."

ಆ ಅಂಗಡಿಯಲ್ಲಿ ಒಂದು ಪದ್ಧತಿ. ರಿಪೇರಿಗೆ ಬಂದ ಸೈಕಲ್ಲಿನ ಹ್ಯಾಂಡಲಿಗೆ ಏನು ಕೆಟ್ಟಿದೆ ಎಂದು ಚೀಟಿ ಬರೆದು ಕಟ್ಟಬೇಕು, ಕೆಲಸ ಮುಗಿಯುವ ತನಕ ಅದನ್ನು ಯಾರೂ ಬಿಚ್ಚುವಂತಿಲ್ಲ. ಮೇಸ್ತ್ರಿಯೇ ಮಾಡಿದ ಕಾನೂನು. ಅವಳು ಮೇಜಿನ ಮೇಲಿಂದ ಒಂದು ಚೀಟಿ ಎಳೆದುಕೊಂಡು ಎಡಗೈಯಲ್ಲಿ, ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಳು: "ಬ್ರೇಕ್ ರಬ್ಬರು ರಿಮ್ಮಿಗೆ ಮುಟ್ಟುವುದಿಲ್ಲ. ಮೇಸ್ತ್ರಿಗೆ ಗೊತ್ತಿತ್ತು." ಅದನ್ನು ಹ್ಯಾಂಡಲಿಗೆ ಬಿಗಿದು, ಸರದಿಯಲ್ಲಿ ಎಲ್ಲರ ಸೈಕಲ್ಲಿನ ಹಿಂದೆ ತನ್ನದನ್ನು ನಿಲ್ಲಿಸಿ, ಕುಂಟುತ್ತಾ ಮನೆಗೆ ಹೋದಳು.

ಮಾರನೇ ದಿನ ಅಂಗಡಿಗೆ ಬಂದವರೆಲ್ಲ ಆ ಚೀಟಿ ಓದಿದರು. ಕೆಲವರು ಎರಡು ಸಲ ಓದಿದರು. ಮೇಸ್ತ್ರಿ ತಲೆ ಎತ್ತಲಿಲ್ಲ. ಅಂದು ಪಟ್ಟಿ ಅಕ್ಕನ ಕಾಲು ನಾಲ್ಕು ಮನೆಗೇ ಸೋತಿತು. ಮುದುಕಿಯ ಮಗಳು ಆಸ್ಪತ್ರೆಗೆ ಫೋನ್ ಮಾಡಿ, ಅಮ್ಮನ ಪಟ್ಟಿ ವಾಸನೆ ಬರುತ್ತಿದೆ, ಅಕ್ಕ ಯಾವಾಗ ಬರುತ್ತಾರೆ ಎಂದು ಕೇಳಿದ್ದಳಂತೆ. ಸಂಜೆ ಮನೆಯಲ್ಲಿ ಆ ಸುದ್ದಿಯನ್ನು ಪಟ್ಟಿ ಅಕ್ಕ ಗಂಡನ ಮುಖಕ್ಕೆ ಹೊಡೆದಂತೆ ಹೇಳಿದಳು. ಅವನು ತಟ್ಟೆ ಬಿಟ್ಟು ಎದ್ದ.

ಅದರ ಮಾರನೇ ಬೆಳಿಗ್ಗೆ ಅವನು ಎರಡು ಉಕ್ಕಿನ ಪಟ್ಟಿ ಕತ್ತರಿಸಿ, ಅಳತೆ ಮಾಡಿ ತೂತು ಕೊರೆದು, ಮುಂದೊಂದು ಹಿಂದೊಂದು ಬೋಲ್ಟ್ ಹಾಕಿ ಬಿಗಿದ. ಬ್ರೇಕುಗಳನ್ನು ಆ ಪಟ್ಟಿಗಳ ಕೆಳತುದಿಗೆ ಇಳಿಸಿ ಕೂರಿಸಿದ. ರಬ್ಬರು ಈಗ ರಿಮ್ಮಿನ ಮೇಲೆ ನೆಟ್ಟಗೆ ಬಂದು ಕೂತಿತು. ಗಾಳಿಯವನು ಅಡ್ಡಾದಿಡ್ಡಿ ಹಿಗ್ಗಿಸಿದ್ದ ಹಿಂಬದಿಯನ್ನು ದಾರ ಹಿಡಿದು ನೇರ ಮಾಡಿದ, ಹೊಸ ಟೈರು ಹಾಕಿದ. ಎಲ್ಲ ಮುಗಿದಾಗ ಇನ್ನೂ ಮಧ್ಯಾಹ್ನ ಆಗಿರಲಿಲ್ಲ. ಅರ್ಧ ದಿನದ ಕೆಲಸ! ಇಷ್ಟಕ್ಕೆ ಹತ್ತು ದಿನದ ನೋಡೋಣ, ಒಂದು ಅಂಗೈ ಚರ್ಮ, ಒಂದು ಮುದುಕಿಯ ಬೆನ್ನು. ಕೆಲಸವೇನೋ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು, ಅದನ್ನು ನೋಡಿ ಅವಳಿಗೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಅವನು ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಸೈಕಲ್ಲನ್ನು ಅವಳ ಮುಂದೆ ತಂದು ನಿಲ್ಲಿಸಿದ. ಎಲ್ಲ ಸರಿಯಾಗಿದೆ, ಹತ್ತಿ ಹೊರಡು ಎಂದ. ಆ ಒಂದು ಮಾತಿನ ಮೇಲೆ ಅವಳು ಮದುವೆಯಾದಾಗಿನಿಂದ ಕಣ್ಣು ಮುಚ್ಚಿ ಸೈಕಲ್ ಹತ್ತಿದವಳು. ಈಗ ಹತ್ತಲಿಲ್ಲ. ಔಷಧಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಊದಿದ ಮಂಡಿಯನ್ನು ನೆಲಕ್ಕೂರಿ ಕೂತಳು. ಮುಂದಿನ ಚಕ್ರ ತಿರುಗಿಸಿ ಬ್ರೇಕ್ ಒತ್ತಿ ಎಡಗಡೆಯ ರಬ್ಬರು ನೋಡಿದಳು, ಬಲಗಡೆಯದು ನೋಡಿದಳು. ಬೋಲ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಅಲ್ಲಾಡಿಸಿದಳು. ಗಿರಾಕಿಗಳು ಕಾದು ನಿಂತಿದ್ದರು.

"ನಾನೇ ಮಾಡಿದೀನಲ್ಲ," ಎಂದ ಮೇಸ್ತ್ರಿ, ಬಹಳ ಸಣ್ಣ ದನಿಯಲ್ಲಿ.

"ಅದಕ್ಕೇ ನೋಡ್ತಾ ಇದೀನಿ," ಎಂದು ಅವಳು ಹಿಂದಿನ ಚಕ್ರಕ್ಕೆ ಕೈ ಹಾಕಿದಳು.