ಒಬ್ಬೊಬ್ಬರ ಡಾಕ್ಟರು

ವಾದದಲ್ಲಿ ಸೋಲಲು ದಾವೀದಪ್ಪ ಡಾಕ್ಟರಷ್ಟು ಅವಸರ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀವು ಎರಡನೆಯ ವಾಕ್ಯಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ, “ಖರೇ ಐತ್ರಿ, ನೀವ ಗೆದ್ರಿ” ಎಂದು ಚಹಾಕ್ಕೆ ನೀರಿಡಲು ಏಳುತ್ತಿದ್ದರು. ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವುದನ್ನೇ ಕಲಿತ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಹುಚ್ಚರ ಆಸ್ಪತ್ರೆಯಲ್ಲಿ ನೌಕರಿ ಮುಗಿಸಿ ಬಂದ ಅವರು ಧಾರವಾಡದಲ್ಲಿ, ಮಿಶನ್ ಕಂಪೌಂಡಿನ ಹಿಂದಿನ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದರು. ಮನಸ್ಸು ಭಾರವಾದವರು ಸಂಜೆ ಅಲ್ಲಿಗೆ ಹೋಗುತ್ತಿದ್ದರು, ಒಬ್ಬೊಬ್ಬರಾಗಿ. ಒಬ್ಬರು ಹಿತ್ತಿಲ ಬಾಗಿಲಿಂದ ದಾಟಿದ ಮೇಲೆಯೇ ಇನ್ನೊಬ್ಬರಿಗೆ ಮುಂಬಾಗಿಲು. “ಜೋಡಿ ಬಂದವರು ಒಬ್ಬರಿಗೊಬ್ಬರು ಛಲೋ ಕಾಣಾಕ ನೋಡ್ತಾರ್ರಿ. ಒಬ್ಬರ ಬಂದ್ರ ಬಾಯಿ ಬಿಡ್ತಾರ” ಎನ್ನುತ್ತಿದ್ದರು. ಅವರ ಹೊಸ್ತಿಲಲ್ಲಿ ಕಂಡವನಿಗೆ ತಲೆ ಕೆಟ್ಟಿದೆಯೆಂದು ಊರು ಆಡಿಕೊಳ್ಳುತ್ತಿದ್ದುದರಿಂದ ನಮಗೂ ಅದೇ ಬೇಕಾಗಿತ್ತು.

ಬಿ.ಎ. ಕೊನೆಯ ವರ್ಷ ನಾನು ಹಾಸಿಗೆ ಹಿಡಿದೆ. ಜ್ವರವಿಲ್ಲ, ನೋವಿಲ್ಲ. ಎದ್ದು ಮುಖ ತೊಳೆಯಬೇಕೆಂಬುದರ ಪರ ಮನಸ್ಸು ಒಂದು ಮಾತು ಹೇಳಿದರೆ ವಿರುದ್ಧ ನಾಲ್ಕು ಹೇಳುತ್ತಿತ್ತು, ನಾಲ್ಕೂ ಗಟ್ಟಿ. ಬರಬರುತ್ತ ಚರ್ಚೆಯ ವಿಷಯ ಮುಖ ತೊಳೆಯುವುದನ್ನು ಬಿಟ್ಟು ಬದುಕಿರುವುದಕ್ಕೇ ಬಂದು ನಿಂತಿತು. ಹುಬ್ಬಳ್ಳಿಯಿಂದ ಕಾಕು, ನನ್ನ ಚಿಕ್ಕಮ್ಮ, ಬಂದು ನೋಡಿದಳು. “ಅಷ್ಟ ಭಾಷಣ ಮಾಡಾಂವನ ಬಾಯಿ ಎಲ್ಲಿ ಹೋತೋ? ಏಳು, ಟಾಂಗಾ ನಿಂತದ” ಎಂದು ಎಬ್ಬಿಸಿ ಡಾಕ್ಟರರ ಬಾಗಿಲಲ್ಲಿ ಇಳಿಸಿ ಹೋದಳು.

“ಹೊಟ್ಟೆನೋವು” ಎಂದೆ.

“ಹೊಟ್ಟಿ ಯಾವಾಗಿಂದ ಅಳಾಕತ್ತೈತ್ರಿ?”

ನಾನು ಅಳಲಿಲ್ಲ, ವಾದಿಸಿದೆ. ಬದುಕು ಯಾಕೆ ಬೇಡ ಎಂಬುದನ್ನು ಎಳೆ ಎಳೆಯಾಗಿ ಮಂಡಿಸಿದೆ. ಆವತ್ತು ಮಾತ್ರ ಅವರು ಅವಸರ ಮಾಡಲಿಲ್ಲ, ಕೊನೆಯ ಮಾತಿನವರೆಗೂ ಕೇಳಿದರು. ಆಮೇಲೆ, “ಖರೇ ಐತ್ರಿ. ಇದಕ್ಕ ನನ್ನ ಕಡೆ ಉತ್ತರ ಇಲ್ಲ” ಎಂದರು.

ನನಗೆ ಹೆದರಿಕೆಯಾಯಿತು. ಜೀವನದಲ್ಲಿ ಮೊದಲ ಸಲ ನಾನು ಸೋಲಬೇಕೆಂದು ಬಂದಿದ್ದೆ.

“ಹಂಗಾದ್ರ ನಾ ಏನ ಮಾಡ್ಲಿ?”

“ನಾಳೆ ಬರ್ರಿ. ಏನರೆ ಹೇಳೂದು ಉಳದಿದ್ರ ಹೇಳ್ರಿ.”

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ನಾ ಒಬ್ಬನ ಚಾ ಕುಡೀಬೇಕಾಗ್ತೈತಿ. ಅದೂ ಖರೇನ.”

ಮರುದಿನ ಹೋದೆ. ಪರೀಕ್ಷೆ ಮುಗಿಯುವವರೆಗೂ ಹೋದೆ. ಒಮ್ಮೆ ಅವರ ದೇವರನ್ನೇ ಕೆಣಕಿದೆ. ಅವರು ನಕ್ಕು, “ನನಗ ಬೇಕು. ನಿಮಗ ಬ್ಯಾಡಾದ್ರ ಬಿಡ್ರಿ, ಅಂವಗೇನ ಸಿಟ್ಟಿಲ್ಲ” ಎಂದರು. ನನ್ನನ್ನು ಅವರು ವಾಸಿ ಮಾಡಿದರೆಂದು ಇವತ್ತಿಗೂ ಒಪ್ಪುವುದಿಲ್ಲ, ಸಾಕ್ಷ್ಯ ಸಾಲದು. ಆದರೆ ಬೆಳಿಗ್ಗೆ ಏಳುತ್ತಿದ್ದೆ. ಅವರು ತಮ್ಮ ಭಾರವನ್ನು ಯಾರ ಮುಂದೆ ಇಳಿಸುತ್ತಿದ್ದರೆಂದು ನಾನು ಒಮ್ಮೆಯೂ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಹೆಣಕ್ಕೆ ಹೆಗಲು ಕೊಡಲು ನಾಲ್ಕು ಜನರಾದರೂ ಇರುತ್ತಾರೋ ಇಲ್ಲವೋ ಎಂದುಕೊಂಡು ಕ್ರೈಸ್ತರ ಸಿಮಿಟರಿಗೆ ಹೋದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ವಕೀಲರು, ಫೌಜದಾರರು, ಮುಖದ ತುಂಬ ಸೆರಗು ಎಳೆದುಕೊಂಡ ಹೆಂಗಸರು. ಚರ್ಚಾಕೂಟದಲ್ಲಿ ನಾನು ನೆಲಕಚ್ಚಿಸಿದ್ದ ಹುಡುಗನೊಬ್ಬ. ತಮ್ಮ ಮನೆಯಲ್ಲೇ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮಾಲಕ, ಪರಜಾತಿಯವರ ಮನೆಯ ನೀರು ಮುಟ್ಟದ ವೆಂಕಣ್ಣರಾಯರು. ಇವರೆಲ್ಲ ಯಾರೆಂದು ಪಾದ್ರಿಗಳಿಗೆ ತಿಳಿಯಲಿಲ್ಲ. ನಮಗೆ ತಿಳಿಯಿತು. ತಾವೊಬ್ಬರೇ ಎಂದುಕೊಂಡು ಬಂದಿದ್ದ ಪ್ರತಿಯೊಬ್ಬರೂ ಇನ್ನೊಬ್ಬರ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದರು. “ನೀವೂ ಏನ್ರಿ?” ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಒಂದೊಂದು ಹಿಡಿ ಕೆಮ್ಮಣ್ಣು ಹಾಕಿ ದಿಕ್ಕಿಗೊಬ್ಬರಾಗಿ ಚದುರಿದರು.

ನಾನೂ ವೆಂಕಣ್ಣರಾಯರೂ ಹೋಗಬೇಕಾದದ್ದು ಒಂದೇ ಮನೆಗೆ. ನಾನು ಮುಂದೆ, ಅವರು ಸ್ವಲ್ಪ ಹಿಂದೆ. ಇನ್ನು ಮೇಲೆ ಮನಸ್ಸು ಕುಸಿದರೆ ಇಬ್ಬರಿಗೂ ಹೋಗಲು ಜಾಗವಿಲ್ಲ ಎಂಬುದು ಅವರಿಗೂ ಹೊಳೆದಿತ್ತೇನೋ. ಎಷ್ಟೋ ಸಭೆಗಳಲ್ಲಿ ಮಾತಾಡಿದವನಿಗೆ ಆವತ್ತು ಮೊದಲ ವಾಕ್ಯ ಸಿಗಲಿಲ್ಲ. ಅವರು ಬಂದು ಕೂಡಿಕೊಳ್ಳಲಿ ಎಂದು ನಡಿಗೆ ನಿಧಾನ ಮಾಡಿದೆ.

ಹಿಂದಿನ ಹೆಜ್ಜೆಗಳೂ ನಿಧಾನವಾದವು.