ಮೊದಲು ಇಳಿಯುತ್ತಿದ್ದ ಗಾಡಿಯಕ್ಕ

ಸೈದಾಪುರ ಸ್ಟೇಷನ್ನಿನಿಂದ ಕಡೇಚೂರಿನ ಫ್ಯಾಕ್ಟರಿಗೆ ನಮ್ಮನ್ನು ಒಯ್ಯುತ್ತಿದ್ದ ಮಿನಿಬಸ್ಸಿನ ಮಾಲಕಿಗೆ ನಾವೆಲ್ಲ ಗಾಡಿಯಕ್ಕ ಅನ್ನುತ್ತಿದ್ದೆವು. ಬಾಗಿಲ ಪಕ್ಕದ ಸೀಟಿನಲ್ಲಿ ದಿನಾ ತಾನೂ ಕೂತು ಬರುತ್ತಿದ್ದಳು. ಹೊರಡುವ ಮುಂಚೆ ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾರಕ್ಕೆ ಟೈರು ಎಷ್ಟು ಕುಸಿದಿದೆ ಎಂದು ಬಗ್ಗಿ ನೋಡುವಳು. "ಸಾಕ್ರಿ, ಗಾಡಿ ತುಂಬ್ತು" ಅಂದಳೆಂದರೆ ಆಮೇಲೆ ಯಾರೂ ಹತ್ತುವಂತಿರಲಿಲ್ಲ.

ಒಂದು ಮುಂಜಾನೆ ರೈಲಿನಿಂದ ವಿಪರೀತ ಮಂದಿ ಇಳಿದರು. ಅಂದೇ ಫ್ಯಾಕ್ಟರಿಯ ಸೂಪರ್‌ವೈಜರ್ ಬಂದು ನಿಂತಿದ್ದ.

"ಎಲ್ಲಾರನೂ ತುಂಬ್ಕೊಂಡು ನಡೀರಿ. ಇಲ್ಲಂದ್ರ ನಾಳಿಂದ ಬ್ಯಾರೆ ಗಾಡಿ ಹಚ್ತೀವಿ."

ಗಾಡಿಯಕ್ಕ ತನ್ನ ಸೀಟಿನಲ್ಲಿ ಕಸಗುಡಿಸುವ ಮುದುಕಿಯನ್ನು ಕೂರಿಸಿ ತಾನು ಇಳಿದಳು. "ಸಾಕ್ರಿ, ಗಾಡಿ ತುಂಬ್ತು" ಎಂದು ಡ್ರೈವರನನ್ನು ಕಳಿಸಿ, ಉಳಿದ ನಮ್ಮ ಜೊತೆ ಬೇವಿನ ಮರದ ಕೆಳಗೆ ಬಂದು ಕೂತಳು. ಸೂಪರ್‌ವೈಜರನ ಸಿಟ್ಟು ಇಳಿದಿರಲಿಲ್ಲ. ಅವಳ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ.

"ಗುತ್ತಿಗಿ ಹೋದ್ರ ಹೆಂಗಕ್ಕಾ?" ಎಂದೆ.

"ನಮ್ಮಪ್ಪ ಭೀಮಾ ಹೊಳ್ಯಾಗ ಹರಗೋಲು ಹಾಕಿ ಮಂದೀನ್ನ ದಾಟಸ್ತಿದ್ದ. ಮಂದಿ ಹೆಚ್ಚಾದ್ರ ಮದಲ ನನ್ನ ಇಳಸ್ತಿದ್ದ."

"ಸಣ್ಣಾಕಿನ್ನ ದಂಡಿ ಮ್ಯಾಲ ಬಿಟ್ಟು? ಅಂಜಿಕಿ ಬರ್ತಿದ್ದಿಲ್ಲೇನು?"

"ನನಗ್ಯಾಕ ಅಂಜಿಕಿ? ಮಗಳು ಈ ದಂಡಿಗಿ ಅದಾಳ, ಹರಗೋಲು ತಿರುಗಿ ಬರ್ತದ ಅಂತ ಉಳದ ಮಂದೀನೂ ಅಂಜ್ತಿದ್ದಿಲ್ಲ."

ನಾನು ಸುತ್ತ ನೋಡಿದೆ. ರಸ್ತೆಯಲ್ಲಿ ಆಟೊದವರು ಕೂಗಿ ಕರೆಯುತ್ತಿದ್ದರು. ಮರದ ಕೆಳಗಿನಿಂದ ಒಬ್ಬರೂ ಎದ್ದಿರಲಿಲ್ಲ.